ಎಪ್ಪತ್ತರ ಮೇಲೆ ಎರಡು

ಹಳೇನಗರ, ಭದ್ರಾವತಿ
12 ಫೆಬ್ರವರಿ 2024

ಚಿರಂಜೀವಿ ಸ್ಫೂರ್ತಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ನೀನು ಏನು ಹೇಳಿದರೂ ನನ್ನ ಕಿವಿಗೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಬೀಳುವುದಿಲ್ಲ. ನೀನು ಅಲ್ಲಿ ಕೂಗಬೇಕು, ನಾನು ಇಲ್ಲಿ ಕೂಗಬೇಕು, ಪಕ್ಕದ ಮನೆ ಮರಗದಮ್ಮ ಓಡಿ ಬಂದು "ಏನಕ್ಕಾ, ಯಾರ ಜೊತೆ ಜಗಳ?" ಅನ್ನಬೇಕು. ಅದಕ್ಕೇ ಕಾಗದ. ಇಲ್ಲಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತಿ ಕೂತರೆ ಒಂದು ಕೋಳಿನಿದ್ದೆ ಮುಗಿಯುವುದರೊಳಗೆ ಬಂದುಬಿಡುತ್ತೇವೆ, ಅಷ್ಟು ದೂರಕ್ಕೆ ಅಂಚೆಯವನಿಗೆ ಕೆಲಸ ಕೊಡುತ್ತಿದ್ದೇವೆ ನೋಡು.

ಗುರುವಾರ ನಿನ್ನಣ್ಣ ಧರ್ಮನ ಪರೀಕ್ಷೆ ಮುಗಿಯಿತು. ನೀನು ಬರುತ್ತೇನೆ ಅಂದಿದ್ದೆ, ಆಮೇಲೆ ಅತ್ತೆಗೆ ಜ್ವರ ಅಂದೆ. ಇರಲಿ ಬಿಡು. ನಿಮ್ಮೂರಿನ ಹೊಸಮನೆ ಬಡಾವಣೆಯ ಆ ಹಾಸ್ಟೆಲಿನವರು ಬುದ್ಧಿ ಬೆಳೆಯದ ದೊಡ್ಡವರನ್ನು ಕೊನೆತನಕ ಇಟ್ಟುಕೊಳ್ಳುತ್ತಾರೆ, ಆದರೆ ಹಳೆಯ ಸರ್ಟಿಫಿಕೇಟ್ ಒಪ್ಪುವುದಿಲ್ಲ, ಅಂಗವಿಕಲರ ಹೊಸ ಕಾರ್ಡ್ ಬೇಕು, ಕಾರ್ಡಿಗೆ ಮತ್ತೆ ಬುದ್ಧಿ ಪರೀಕ್ಷೆ ಆಗಬೇಕು ಅಂತ ನೀನೇ ಅಂದಿದ್ದೆಯಲ್ಲ. ಅದಕ್ಕೆ ನಲವತ್ತು ದಾಟಿದ ಮಗನಿಗೆ ಇಸ್ತ್ರಿ ಅಂಗಿ ಹಾಕಿಸಿ, ತಲೆ ಬಾಚಿ, ವಿಭೂತಿ ಹಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನಿಗೋ ಮದುವೆಗೆ ಹೊರಟ ಸಂಭ್ರಮ.

ಪರೀಕ್ಷೆ ಮಾಡಿದವಳು ಸಂಘಮಿತ್ರಾ ಅಂತ. ಒಳ್ಳೆಯ ಹುಡುಗಿ, ಆದರೆ ಪಾಪ ತುಂಬಾ ದಣಿದಿದ್ದಾಳೆ. ಹೊರಗೆ ಬೆಂಚಿನ ತುಂಬ ಮಕ್ಕಳು, ತಾಯಂದಿರು. ಮೊದಲು ಬಾಯಿಪ್ರಶ್ನೆ ಕೇಳಿದಳು. "ಮನೆಗೆ ಬೆಂಕಿ ಬಿದ್ರೆ ಏನ್ ಮಾಡ್ತೀರಿ?" ಅಂದರೆ ಇವನು "ಅಮ್ಮನ್ನ ಕೇಳ್ತೀನಿ" ಅಂದ. ಚಂದ್ರನ ಚಿತ್ರ ತೋರಿಸಿದರೆ "ನಿಲಾ" ಅಂದ. ಮರಗದಮ್ಮನ ಮನೆಯಲ್ಲಿ ಆಡಿ ಬೆಳೆದವನು, ಅರ್ಧ ಮಾತು ತಮಿಳು. ಇವನು ಫೇಲಾದ ಅಂದುಕೊಂಡೆ.

ಆಮೇಲೆ ಅವಳು ಹಲಗೆ ತೆಗೆದಳು ನೋಡು! ಅದೇ ಹಲಗೆ ಸ್ಫೂರ್ತಿ. ಹತ್ತು ಗುಳಿ, ಹತ್ತು ಮರದ ತುಂಡು. ನಕ್ಷತ್ರ, ಗುಂಡು, ಚೌಕ, ಕೂಡಿಸುವ ಗುರುತಿನ ಹಾಗಿರುವುದು. ಆರು ವರ್ಷದವನಿದ್ದಾಗ ಇವನಿಗೆ ಅದು ಬರಲಿಲ್ಲ ಅಂತ ನಿಮ್ಮಪ್ಪ ಅಳತೆ ಕಣ್ಣಲ್ಲೇ ಹಿಡಿದುಕೊಂಡು ಬಂದು, ಕಾರ್ಖಾನೆಯಲ್ಲಿ ಎರಕದ ಮರದ ಅಚ್ಚು ಮಾಡಿ ಉಳಿದ ತುಂಡುಗಳಲ್ಲಿ ಥೇಟ್ ಅಂಥದ್ದೇ ಮಾಡಿಕೊಟ್ಟರಲ್ಲ, ಇವನು ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಜೋಡಿಸಿ ಕಿತ್ತು ಜೋಡಿಸಿ ಮಾಡುತ್ತಾನಲ್ಲ, ಅದೇ. ಹುಡುಗಿ ಗಡಿಯಾರದ ಗುಂಡಿ ಒತ್ತುವುದರೊಳಗೆ ಇವನದು ಮುಗಿದಿತ್ತು. "ಇನ್ನೊಂದ್ಸಲ ಮಾಡಿ" ಅಂದಳು. ಇನ್ನೂ ಬೇಗ ಮಾಡಿದ. "ಮೇಡಂ, ಇದು ನಮ್ಮನೇಲೂ ಇದೆ" ಅನ್ನಲು ಹೋದ, ಜಂಬ ಕೊಚ್ಚಿಕೊಳ್ಳುತ್ತಾನೆ ಅಂದುಕೊಂಡಾಳು ಅಂತ ನಾನು ತೊಡೆ ಚಿವುಟಿ ಸುಮ್ಮನಾಗಿಸಿದೆ.

ಈಗ ಕೇಳು. ಹೋದ ಸಲ ಐವತ್ತೆಂಟು ಬಂದಿತ್ತು. ಈ ಸಲ ಎಪ್ಪತ್ತೆರಡು! ಬೀದಿಗೆಲ್ಲ ಪೇಡ ಹಂಚಿದೆ. ಮರಗದಮ್ಮ ಅತ್ತೇಬಿಟ್ಟಳು. ಹಾಸ್ಟೆಲಿಗೆ ಯಾವಾಗ ಕರೆತರಬೇಕು ಅಂತ ಕೇಳಿ ಬರಿ. ನನ್ನ ಮಂಡಿ ಇನ್ನು ಬಹಳ ದಿನ ತಡೆಯುವುದಿಲ್ಲ.

ನಿನ್ನ ಅಮ್ಮ
ಶಂಕರಮ್ಮ

*

ವಿನೋಬನಗರ, ಶಿವಮೊಗ್ಗ
19 ಫೆಬ್ರವರಿ 2024

ಅಮ್ಮನಿಗೆ ಶರಣು.

ನಿನ್ನ ಕಾಗದ ಓದಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ಕೂತುಬಿಟ್ಟೆ. ಅಕ್ಷರಾ ಬಂದು "ಯಾಕಮ್ಮಾ, ಅಜ್ಜಿಗೆ ಹುಷಾರಿಲ್ವಾ?" ಅಂದಳು. ಹುಷಾರಾಗಿದ್ದಾರೆ, ಪೇಡ ಹಂಚಿದ್ದಾರಂತೆ ಅಂದೆ.

ಅಮ್ಮ, ಇದು ಶಾಲೆಯ ಪರೀಕ್ಷೆ ಅಲ್ಲ. ಜಾಸ್ತಿ ಬಂದರೆ ಪಾಸಲ್ಲ. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಮಾತ್ರ ಕಾರ್ಡ್, ಕಾರ್ಡ್ ಇದ್ದರೆ ಮಾತ್ರ ಹಾಸ್ಟೆಲು. ಎಪ್ಪತ್ತೆರಡು ಅಂದರೆ ಸರ್ಕಾರದ ಲೆಕ್ಕದಲ್ಲಿ ಅಣ್ಣನಿಗೆ ಏನೂ ಆಗಿಲ್ಲ. ಸ್ವಲ್ಪ ಮಂದ, ಅಷ್ಟೇ. ಹಾಸ್ಟೆಲಿನ ಷಡಕ್ಷರಪ್ಪನವರ ಹತ್ತಿರ ಹೋಗಿ ಕೇಳಿದೆ. "ನಾವೇನ್ ಮಾಡೋಣ ಮಾರಾಯ್ತಿ, ನಿಯಮ ಹಾಗಿದೆ. ಜಾಗ ಇದೆ, ಮನಸ್ಸೂ ಇದೆ, ಕಾರ್ಡ್ ಇಲ್ದೆ ಹೇಗೆ ಸೇರಿಸ್ಕೊಳ್ಳೋದು?" ಅಂದರು. ಅವರನ್ನು ಬೈಯುವ ಹಾಗೂ ಇಲ್ಲ.

ಆ ಹಲಗೆ ಮನೆಯಲ್ಲಿದೆ ಅಂತ ಹೇಳಲು ಹೋದವನನ್ನು ಯಾಕೆ ಚಿವುಟಿದೆ? ಹೇಳಿದ್ದರೆ ಅವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಲೇ ಇರಲಿಲ್ಲ. ಬೇರೆ ಪರೀಕ್ಷೆ ಕೊಡುತ್ತಿದ್ದರು. ಮೂವತ್ತೈದು ವರ್ಷ ಒಂದೇ ಆಟ ಆಡಿದವನಿಗೆ ಅದೇ ಆಟ ಕೊಟ್ಟು ಬುದ್ಧಿ ಎಷ್ಟು ಅಂತ ಅಳೆದರೆ ಇನ್ನೇನು ಬರುತ್ತದೆ?

ನನಗೆ ಸಾಕಾಗಿದೆ ಅಮ್ಮ. ಅತ್ತೆಗೆ ಪಾರ್ಶ್ವವಾಯು ಹೊಡೆದ ಮೇಲೆ ಮಲಗಿದಲ್ಲೇ ಎಲ್ಲ. ಇವರು ಔಷಧಿ ಅಂಗಡಿ ಮುಚ್ಚಿ ಬರುವುದು ಎಲ್ಲರೂ ಉಂಡ ಮೇಲೆ. ನೀನು ಹೋಗಿ ಆ ಮೇಡಮ್ಮನಿಗೆ ನಿಜ ಹೇಳು.

ಸ್ಫೂರ್ತಿ

*

ಹಳೇನಗರ, ಭದ್ರಾವತಿ
11 ಮಾರ್ಚ್ 2024

ಚಿರಂಜೀವಿ ಸ್ಫೂರ್ತಿಗೆ,

ಹೋಗಿ ಹೇಳಿದೆ. ಸಂಘಮಿತ್ರಾ ಬೈಯಲಿಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಅಮ್ಮಾ, ವರದಿ ಮೇಲೆ ಹೋಗಿಬಿಟ್ಟಿದೆ. ಈಗ ನಿಮ್ಮ ಮಾತು ಕೇಳಿ ಬದಲಾಯ್ಸಿದ್ರೆ, ಕಾರ್ಡಿಗಾಗಿ ಅಂಕ ಇಳಿಸಿದಾಳೆ ಅಂತಾರೆ. ಆರು ತಿಂಗಳು ಬಿಟ್ಟು ಬನ್ನಿ, ಮತ್ತೆ ಮಾಡೋಣ" ಅಂದಳು.

ನಾನು ಬಿಡಲಿಲ್ಲ. ಈ ಎಪ್ಪತ್ತೆರಡು ಅನ್ನುವುದು ಏನು, ಅವನ ತಲೆಯೊಳಗೆ ಇರುವುದನ್ನು ಸೇರಿನಲ್ಲಿ ಅಳೆದೆಯಾ ತಾಯಿ ಅಂತ ಕೇಳಿದೆ. ಅಲ್ಲವಂತೆ. ಜನರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಇವನು ಎಲ್ಲಿ ನಿಲ್ಲುತ್ತಾನೆ ಅನ್ನುವ ಲೆಕ್ಕವಂತೆ. ನಡುವೆ ನಿಂತವನು ನೂರು. ಸರಿ, ಆ ಸಾಲಿನಲ್ಲಿ ನಿಂತವರು ಯಾರು, ನಮ್ಮ ಹಳೇನಗರದವರಾ, ಹೊಳೆಹೊನ್ನೂರಿನವರಾ ಅಂದೆ. ಅವಳಿಗೆ ನಗು ಬಂತು. "ಯಾವುದೋ ದೊಡ್ಡ ಊರಿನ ಶಾಲೆ ಮಕ್ಕಳು ಅಮ್ಮಾ, ಬಹಳ ಹಿಂದೆ ಲೆಕ್ಕ ಹಾಕಿದ್ದು. ಹಳ್ಳಿ ಮಕ್ಕಳ ಸರಾಸರಿ ಅದಕ್ಕಿಂತ ಕಡಿಮೆ ಬರುತ್ತೆ. ಮನೇಲಿ ಒಂದು ಭಾಷೆ, ಬೀದೀಲಿ ಒಂದು ಭಾಷೆ ಆಡೋರದ್ದೂ ಕಡಿಮೆ ಬರುತ್ತೆ. ಬುದ್ಧಿ ಕಡಿಮೆ ಅಂತಲ್ಲ, ಪ್ರಶ್ನೆ ಅವರಿಗೆ ಅಂತ ಮಾಡಿದ್ದಲ್ಲ" ಅಂದಳು. "ಗೊತ್ತಿದ್ದೂ ಅದರಲ್ಲೇ ಅಳೀತೀಯಲ್ಲೇ?" ಅಂದೆ. "ಬೇರೆ ಇಲ್ವಲ್ಲಮ್ಮಾ" ಅಂದಳು. ಹೊರಗೆ ಇನ್ನೂ ಒಂದು ಬೆಂಚು ಜನ ಕಾಯುತ್ತಿದ್ದರು.

"ನಿಲಾ" ಅಂದದ್ದಕ್ಕೆ ಅಂಕ ಕೊಟ್ಟಿಲ್ಲವಂತೆ. ಅದನ್ನು ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ, ಕೊಟ್ಟಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತಲ್ಲ, ಕೊಡದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಎಂಥ ತಾಯಿ ನಾನು ಅಂತ ಬಸ್ಸಿನಲ್ಲಿ ಯೋಚನೆ ಮಾಡುತ್ತಾ ಬಂದೆ. ಧರ್ಮ ಕಿಟಕಿ ಪಕ್ಕ ಕೂತು ಎದುರು ಬಂದ ಲಾರಿಗಳಿಗೆಲ್ಲ ಕೈ ಬೀಸುತ್ತಿದ್ದ.

ಶಂಕರಮ್ಮ

*

ವಿನೋಬನಗರ, ಶಿವಮೊಗ್ಗ
8 ಏಪ್ರಿಲ್ 2024

ಅಮ್ಮನಿಗೆ,

ನಾಳೆ ಯುಗಾದಿ. ಹಬ್ಬದ ಮುಂಚೆ ಇಂಥ ಕಾಗದ ಬರೆಯಬಾರದು, ಆದರೆ ಹಬ್ಬ ಮುಗಿದರೆ ನನಗೆ ಧೈರ್ಯ ಇರುವುದಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ. ನಾನು ವಿಚಾರಿಸಿದೆ. ಹಲಗೆ ಬಿಟ್ಟು ಬೇರೆ ಕೊಟ್ಟರೂ ಹೆಚ್ಚುಕಮ್ಮಿ ಇಂಥದ್ದೇ ಕೈಕೆಲಸ ಇರುತ್ತದಂತೆ. ಅಣ್ಣನ ಕೈ ಪಳಗಿಬಿಟ್ಟಿದೆ. ಗಡಿಯಲ್ಲಿ ನಿಂತವನು ಯಾವ ಕಡೆ ಬೀಳುತ್ತಾನೋ ಯಾರಿಗೆ ಗೊತ್ತು? ಇನ್ನೊಂದು ಸಲ ಎಪ್ಪತ್ತು ದಾಟಿತೆಂದರೆ ಮುಗಿಯಿತು.

ಅದಕ್ಕೆ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಅಪ್ಪ ಮಾಡಿದ ಹಲಗೆ ಅಟ್ಟಕ್ಕೆ ಹಾಕು. ಅಥವಾ ಅದರಲ್ಲೇ ಅವನಿಗೆ ತಪ್ಪು ಮಾಡುವುದನ್ನು ಕಲಿಸು. ನಕ್ಷತ್ರ ತಗೊಂಡು ಗುಂಡು ಗುಳಿಯಲ್ಲಿ ಇಡು ಅಂತ ಹೇಳು. ನೀನು ಹೇಳಿದರೆ ಅವನು ಮಾಡುತ್ತಾನೆ. ನೀನು ಹೇಳಿದ್ದನ್ನೇ ಅಲ್ಲವೇ ಅವನು ಇಷ್ಟು ವರ್ಷ ಮಾಡಿದ್ದು?

ಇದು ಸುಳ್ಳಲ್ಲ ಅಮ್ಮ. ಮನೆಗೆ ಬೆಂಕಿ ಬಿದ್ದರೆ ನಿನ್ನನ್ನು ಕೇಳುತ್ತೇನೆ ಅಂದನಲ್ಲ, ಅದೇ ನಿಜ. ನೀನಿಲ್ಲದ ಮೇಲೆ ಯಾರನ್ನು ಕೇಳುತ್ತಾನೆ?

"ನಿನ್ನನ್ನು ಕೇಳಲಿ" ಅಂತ ನೀನು ಬರೆಯುವುದಿಲ್ಲ. ಬರೆದು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಕೈಲಿ ಆಗುವುದಿಲ್ಲ. ಎರಡು ಕೋಣೆಯ ಮನೆ, ಒಂದರಲ್ಲಿ ಅತ್ತೆ. ಇವರು ಬಾಯಿಬಿಟ್ಟು ಬೇಡ ಅಂದಿಲ್ಲ, ಬಾ ಅಂತಲೂ ಅಂದಿಲ್ಲ.

ಸ್ಫೂರ್ತಿ

*

ಹಳೇನಗರ
15 ಏಪ್ರಿಲ್ 2024

ಸ್ಫೂರ್ತಿಗೆ,

ಅಂಗಿ ಗುಂಡಿ ಹಾಕುವುದನ್ನು ಅವನಿಗೆ ಕಲಿಸಲು ನನಗೆ ಎರಡು ವರ್ಷ ಹಿಡಿಯಿತು. ಚಪ್ಪಲಿ ಎಡ ಬಲ ಕಲಿಸಲು ಅದಕ್ಕಿಂತ ಹೆಚ್ಚು. ನಿಮ್ಮಪ್ಪ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುವ ಮೊದಲು ಅವನ ಮುಂದೆ ಆ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಮೊದಲನೇ ಸಲ ನಕ್ಷತ್ರ ತನ್ನ ಗುಳಿಗೆ ಬಿದ್ದ ದಿನ ಆ ಮನುಷ್ಯ ಬೀದಿಯಲ್ಲಿ ನಿಂತು ಕೂಗಿದ್ದು ನೀನು ನೋಡಿಲ್ಲ, ನೀನು ಆಗ ತೊಟ್ಟಿಲಲ್ಲಿ.

ಕಲಿಸಿದ ಬಾಯಲ್ಲೇ ಮರೆ ಅಂತ ಹೇಳು ಅನ್ನುತ್ತೀಯಾ? ನನ್ನಿಂದ ಆಗುವುದಿಲ್ಲ. ಮತ್ತೆ ಈ ಮಾತು ಎತ್ತಬೇಡ.

ಶಂಕರಮ್ಮ

*

ವಿನೋಬನಗರ
20 ಜೂನ್ 2024

ಅಮ್ಮನಿಗೆ ಶರಣು.

ಎರಡು ತಿಂಗಳಿಂದ ನಿನ್ನ ಅಕ್ಷರ ಕಂಡಿಲ್ಲ. ಮರಗದಮ್ಮನಿಗೆ ಫೋನ್ ಮಾಡಿದರೆ "ಅಕ್ಕ ಚೆನ್ನಾಗಿದಾರೆ, ನಿಮ್ಮ ಮೇಲೆ ಬೇಜಾರು" ಅಂದಳು. ಅಷ್ಟು ಗೊತ್ತಾಯಿತಲ್ಲ, ಸಾಕು. ಅಕ್ಷರಾ ಶಾಲೆಗೆ ಹೋಗುತ್ತಿದ್ದಾಳೆ. ಅತ್ತೆ ಹಾಗೇ ಇದ್ದಾರೆ. ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಸಿಟ್ಟಿಗೆ ಹಚ್ಚದೆ ಇಡಬೇಡ.

ಸ್ಫೂರ್ತಿ

*

ಹಳೇನಗರ, ಭದ್ರಾವತಿ
29 ಜುಲೈ 2024

ಚಿರಂಜೀವಿ ಸ್ಫೂರ್ತಿಗೆ ಆಶೀರ್ವಾದ.

ನೀನು ಗಾಬರಿ ಬೀಳಬಾರದು ಅಂತ ಮೊದಲೇ ಹೇಳುತ್ತೇನೆ: ಈಗ ಆರಾಮಾಗಿದ್ದೇನೆ. ಹತ್ತು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟ ಉಳುಕಿತು, ಮುರಿದಿಲ್ಲ. ಏಳಲು ಮಾತ್ರ ಆಗಲಿಲ್ಲ. "ಧರ್ಮಾ, ಓಡು, ಮರಗದಮ್ಮನ್ನ ಕರ್ಕೊಂಡು ಬಾ" ಅಂದೆ. ಓಡಿದ. ಪಾಪ, ಚಪ್ಪಲಿ ಸರಿಯಾಗಿ ಹಾಕಿಕೊಂಡೇ ಓಡಿದ.

ಕಾದೆ. ಬರಲಿಲ್ಲ. ಕೂಗಿದೆ, ನನ್ನ ದನಿ ಬಚ್ಚಲು ದಾಟಲಿಲ್ಲ. ನೀರು ಆರಿ ಮೈ ತಣ್ಣಗಾಯಿತು. ಇಷ್ಟೇ ಇರಬೇಕು ನನ್ನ ಕಥೆ ಅಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಮರಗದಮ್ಮ ತಾನಾಗಿ ಹುಡುಕಿಕೊಂಡು ಬಂದಳು. ಏನಾಗಿತ್ತು ಗೊತ್ತಾ? ಯಾರ ಮನೆಗೆ ಹೋದರೂ ಮೊದಲು ತಿಂಡಿ ಆಯ್ತಾ ಅಂತ ಕೇಳಬೇಕು, ಕೂರಿ ಅಂದರೆ ಕೂರಬೇಕು, ಕಾಫಿ ಕೊಟ್ಟರೆ ಬೇಡ ಅನ್ನಬಾರದು, ಕುಡಿದು ಲೋಟ ತೊಳೆದಿಟ್ಟು ಬರಬೇಕು ಅಂತ ನಾನು ಕಲಿಸಿದ್ದೇನಲ್ಲ. ಎಲ್ಲವನ್ನೂ ಒಂದೂ ಬಿಡದೆ ಮಾಡಿದ್ದಾನೆ. "ತಿಂಡಿ ಆಯ್ತಾ ಮರಗದಮ್ಮಾ" ಅಂದಿದ್ದಾನೆ. ಅವಳು "ಆಯ್ತಪ್ಪಾ, ಕೂತ್ಕೋ" ಅಂದಿದ್ದಾಳೆ. ಕೂತಿದ್ದಾನೆ. ದೋಸೆ ತಿಂದಿದ್ದಾನೆ. ಲೋಟ ತೊಳೆದು ಇಟ್ಟ ಮೇಲೆ "ಅಮ್ಮ ಬಚ್ಚಲಲ್ಲಿ ಮಲಗಿದಾಳೆ, ನಿನ್ನ ಕರ್ಕೊಂಡು ಬರ್ಬೇಕಂತೆ" ಅಂದನಂತೆ.

ಮರಗದಮ್ಮ ನನ್ನನ್ನು ಎತ್ತಿ ಮಲಗಿಸಿ ಅವನಿಗೆ ಬೈದಳು. ನಾನು ಬೈಯಬೇಡ ಅಂದೆ. ಅವನು ಒಂದು ತಪ್ಪೂ ಮಾಡಿರಲಿಲ್ಲ.

ಮಲಗಿದಲ್ಲೇ ಎಲ್ಲವನ್ನೂ ಯೋಚಿಸಿದೆ. ಅವನಿಗೆ ಎಪ್ಪತ್ತೆರಡೋ ನೂರೋ, ಯಾವ ಊರಿನ ಸಾಲಿನಲ್ಲಿ ನಿಲ್ಲಿಸಿದರೂ ಅವನು ಒಬ್ಬನೇ ಇರಲಾರ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಪೇಡ ಹಂಚಿದೆ.

ಹೋದ ಸೋಮವಾರದಿಂದ ಶುರು ಮಾಡಿದ್ದೇನೆ. ಹಲಗೆ ಇಟ್ಟು "ಧರ್ಮಾ, ಇವತ್ತು ತಪ್ಪು ಮಾಡೋ ಆಟ" ಅಂದೆ. ನಕ್ಷತ್ರ ತಗೊಂಡು ತನ್ನ ಗುಳಿಗೇ ಇಟ್ಟ. ಕೈ ಹಿಡಿದು ಗುಂಡು ಗುಳಿಯ ಮೇಲೆ ಇಡಿಸಿದೆ. ಕೂರಲಿಲ್ಲ. "ಅಮ್ಮಾ, ಇದು ಇಲ್ಲೀದಲ್ಲ" ಅಂದ. ಇಲ್ಲಿಯದೇ ಅಂದೆ. ನನ್ನ ಮುಖ ನೋಡಿದ. ಮತ್ತೆ ತೆಗೆದು ಸರಿಯಾದ ಕಡೆ ಇಟ್ಟ. ಆಮೇಲೆ ಒಂದು ಉಪಾಯ ಮಾಡಿದೆ: ತಪ್ಪು ಇಟ್ಟರೆ ಚಪ್ಪಾಳೆ ತಟ್ಟಿ ಶಭಾಷ್ ಅನ್ನುವುದು, ಸರಿ ಇಟ್ಟರೆ ಸುಮ್ಮನಿರುವುದು. ಮೂರನೇ ದಿನಕ್ಕೆ ಒಂದು ತಪ್ಪು ಇಟ್ಟ. ನಾನು ಚಪ್ಪಾಳೆ ತಟ್ಟಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ.

ನಿನ್ನ ಅಮ್ಮ

*

ವಿನೋಬನಗರ
5 ಆಗಸ್ಟ್ 2024

ಅಮ್ಮ,

ಭಾನುವಾರ ಬಂದಾಗ ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಅಣ್ಣ ನನಗೆ ಆ ಆಟ ಆಡಿ ತೋರಿಸಿದ. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬೇಡ ಅನ್ನೋಣ ಅಂತ ಬಾಯಿಗೆ ಬಂತು, ಅನ್ನಲಿಲ್ಲ. ಸೆಪ್ಟೆಂಬರ್ ಹನ್ನೊಂದಕ್ಕೆ ದಿನ ಕೊಟ್ಟಿದ್ದಾರೆ. ಈ ಸಲ ನಾನೂ ಬರುತ್ತೇನೆ.

ಸ್ಫೂರ್ತಿ

*

ಹಳೇನಗರ
16 ಸೆಪ್ಟೆಂಬರ್ 2024

ಚಿರಂಜೀವಿ ಸ್ಫೂರ್ತಿಗೆ,

ನೀನು ಹೊರಗೆ ಬೆಂಚಿನಲ್ಲಿ ಕೂತಿದ್ದೆ, ಒಳಗೆ ಆದದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೇರೆ ಕೈಕೆಲಸ ಕೊಟ್ಟಳು, ಬಣ್ಣದ ಚೌಕಗಳು. ಹಲಗೆಯನ್ನೂ ಕೊನೆಗೆ ಒಮ್ಮೆ ಇಟ್ಟಳು. ಎಲ್ಲದರಲ್ಲೂ ತಪ್ಪು ಮಾಡಿದ. ಪ್ರತಿ ತಪ್ಪಿಗೂ ತಿರುಗಿ ನನ್ನ ಕಡೆ ನೋಡಿದ. ಚಪ್ಪಾಳೆ ತಟ್ಟಲಿ ಅಂತ. ನಾನು ಕೈ ಕಟ್ಟಿ ನೆಲ ನೋಡುತ್ತಾ ಕೂತೆ. ಅವನಿಗೆ ಗಾಬರಿ ಆಯಿತು, ಇನ್ನೂ ತಪ್ಪು ಮಾಡಿದ. ಕೊನೆಗೆ ತುಂಡುಗಳನ್ನು ಹಲಗೆ ಮೇಲೆ ಸುರಿದು ಅಂಗೈಯಿಂದ ಒತ್ತಿದ.

ಸಂಘಮಿತ್ರಾ ಗಡಿಯಾರ ಕೆಳಗಿಟ್ಟು ನನ್ನನ್ನು ನೋಡಿದಳು. "ಅಮ್ಮಾ, ಫೆಬ್ರವರೀಲಿ ಇವರೇ ಅಲ್ವಾ?" ಅಂದಳು. ಹೌದು ಅಂದೆ. ಅಂಕದ ಹಾಳೆ ಪಕ್ಕಕ್ಕೆ ಸರಿಸಿದಳು. "ಮನೇಲಿ ಹೇಗಿರ್ತಾರೆ, ಒಬ್ಬರೇ ಇರಬಲ್ಲರಾ, ಅದನ್ನ ಹೇಳಿ" ಅಂದಳು. ಬಚ್ಚಲಲ್ಲಿ ಬಿದ್ದದ್ದು, ದೋಸೆ, ಲೋಟ ಎಲ್ಲ ಹೇಳಿದೆ. ಅದನ್ನು ಪೂರ್ತಿ ಬರೆದುಕೊಂಡಳು. ಅರವತ್ತೊಂದು ಅಂತ ಹಾಕಿದಳು.

ಹೊರಗೆ ಬಂದು ನೀನು "ಆಯ್ತಾ?" ಅಂದೆ. ಆಯ್ತು ಅಂದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶಂಕರಮ್ಮ

*

ವಿನೋಬನಗರ, ಶಿವಮೊಗ್ಗ
18 ನವೆಂಬರ್ 2024

ಅಮ್ಮನಿಗೆ ಶರಣು.

ಕಾರ್ಡ್ ಬಂತು. ಎರಡು ಸಲದ ಅಂಕಕ್ಕೆ ಅಷ್ಟು ವ್ಯತ್ಯಾಸ ಇರುವುದರಿಂದ ಕಾಯಂ ಕೊಟ್ಟಿಲ್ಲ, ಐದು ವರ್ಷಕ್ಕೆ ಕೊಟ್ಟಿದ್ದಾರೆ. ಆಮೇಲೆ ಮತ್ತೆ ಪರೀಕ್ಷೆ. ಹಾಸ್ಟೆಲಿನವರು ಮುಂದಿನ ಸೋಮವಾರ ಕರೆತನ್ನಿ ಅಂದಿದ್ದಾರೆ.

ಕಾರ್ಡ್ ಬರುವ ತನಕ ಅಣ್ಣನನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ನಾನೇ ಕೇಳಿ ಹೋದ ವಾರ ಕರೆತಂದೆನಲ್ಲ. ಮೊದಲ ದಿನ ಬೆಳಿಗ್ಗೆ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು ಬಂದು ನನ್ನ ಮುಂದೆ ನಿಂತ. "ಅಣ್ಣಾ, ತಪ್ಪಾಗಿದೆ ನೋಡು" ಅಂದೆ. "ಹೂಂ, ತಪ್ಪು. ಶಭಾಷ್ ಅನ್ನು" ಅಂದ.

ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡು ನಿಲ್ಲುತ್ತಾನೆ. ತಟ್ಟೆಯ ಹೊರಗೆ ಅನ್ನ ಹಾಕುತ್ತಾನೆ. ಹಾಕಿ ನನ್ನ ಮುಖ ನೋಡುತ್ತಾನೆ. ಅಕ್ಷರಾ ಮೊದಲು ನಕ್ಕಳು, ಈಗ ನಗುವುದಿಲ್ಲ. ನಾನು ಗುಂಡಿ ಸರಿ ಮಾಡಲು ಹೋದರೆ "ಬೇಡ, ಅಮ್ಮ ಬೈತಾಳೆ" ಅಂತ ಕೈ ಅಡ್ಡ ಹಿಡಿಯುತ್ತಾನೆ. ನಿನ್ನೆ ಮರೆತು ಒಮ್ಮೆ ಸರಿಯಾಗಿ ಹಾಕಿಕೊಂಡಿದ್ದ. ಕನ್ನಡಿಯಲ್ಲಿ ನೋಡಿಕೊಂಡು ಹೆದರಿ ತಾನೇ ಬಿಚ್ಚಿದ.

ಹೀಗೆ ಇವನನ್ನು ಅಲ್ಲಿ ಬಿಟ್ಟು ಬರಲು ನನಗೆ ಆಗುತ್ತಿಲ್ಲ ಅಮ್ಮ. ಅಲ್ಲಿಯವರಿಗೆ ಇವನು ಹೀಗೇ ಅಂತ ಕಾಣುತ್ತದೆ. ಊಟ ಮಾಡಿಸುತ್ತಾರೆ, ಬಟ್ಟೆ ತೊಡಿಸುತ್ತಾರೆ, ಇವನು ಹಾಗೇ ಉಳಿದುಬಿಡುತ್ತಾನೆ. ನೀನು ಬಂದು ಇನ್ನು ಸರಿ ಮಾಡು ಅಂತ ಹೇಳು. ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. "ಅಮ್ಮ ಹೇಳ್ಲಿ" ಅನ್ನುತ್ತಾನೆ.

ಸ್ಫೂರ್ತಿ

*

ಹಳೇನಗರ, ಭದ್ರಾವತಿ
20 ನವೆಂಬರ್ 2024

ಚಿರಂಜೀವಿ ಸ್ಫೂರ್ತಿಗೆ ಅಮ್ಮನ ಆಶೀರ್ವಾದ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮರಗದಮ್ಮ ಕೈ ಹಿಡಿದು ಹತ್ತಿಸುತ್ತಾಳೆ, ಇಳಿಸಿಕೊಳ್ಳಲು ಅಳಿಯಂದಿರನ್ನು ಕಳಿಸು. ನಾನು ಬರುವ ತನಕ ಅವನು ಗುಂಡಿ ಹೇಗೆ ಹಾಕಿಕೊಂಡರೂ ಬೈಯಬೇಡ. ಇಲ್ಲಿದ್ದಾಗಲೇ ಶುರುವಾಗಿತ್ತು, ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸರಿ ಮಾಡು ಅಂತ ನಾನು ಹೇಳುತ್ತೇನೆ. ನಾನು ಹೇಳಿದರೆ ಕೇಳುತ್ತಾನೆ, ದಿನ ಹಿಡಿಯಬಹುದು. ಆದರೆ ಐದು ವರ್ಷಕ್ಕೆ ಮತ್ತೆ ಪರೀಕ್ಷೆ ಅಂತ ಬರೆದಿದ್ದೀಯ. ಆ ಹೊತ್ತಿಗೆ ನಾನು ಇರುವುದಿಲ್ಲ ಮಗಳೇ. ತಪ್ಪು ಮಾಡು ಅಂತ ಅವನಿಗೆ ಹೇಳಬೇಕಾದವಳು ಆಗ ನೀನು, ಪರೀಕ್ಷೆ ಮುಗಿದ ಮೇಲೆ ಸರಿ ಮಾಡು ಅಂತ ಹೇಳಬೇಕಾದವಳೂ ನೀನೇ. ನಿನ್ನ ಮಾತು ಅವನು ನಂಬಬೇಕಾದರೆ ಈಗಿನಿಂದಲೇ ಅಭ್ಯಾಸ ಆಗಬೇಕು. ಶನಿವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡ. ನನ್ನ ಪಕ್ಕ ಕೂತು, ಅವನಿಗೆ ಹೇಗೆ ಹೇಳಬೇಕು ಅಂತ ನೋಡಿಕೋ.

ನಿನ್ನ ಅಮ್ಮ
ಶಂಕರಮ್ಮ